ಕೊರಳಲ್ಲಿದ್ದ ಸಾರಿಕಾ

ಸಪನಾ ದಿಗ್ಗೇವಾಡಿಗೆ ಸೊಸೆಯಾಗಿ ಬಂದ ದಿನ ಅವಳ ಕೊರಳಿಗೆ ಎರಡು ಸರ ಬಿದ್ದವು. ಒಂದನ್ನು ಗಂಡ ನಿಲೇಶ ಕಟ್ಟಿದ. ಇನ್ನೊಂದನ್ನು ಅತ್ತೆ ಜನಾಬಾಯಿ ಹಾಕಿದಳು. ಎರಡನೆಯದು ಕರಿದಾರಕ್ಕೆ ಪೋಣಿಸಿದ ಬೆಳ್ಳಿಯ ತಗಡು, ಹೆಬ್ಬೆರಳಿನ ಉಗುರಿನಷ್ಟು. ಅದರ ಮೇಲೆ ಹೆಂಗಸೊಬ್ಬಳ ಮುಖ ಎದ್ದು ಕಾಣುತ್ತಿತ್ತು. ಆ ಮನೆಯಲ್ಲಿ ಅದಕ್ಕೆ ಟಾಕ ಎನ್ನುತ್ತಿದ್ದರು. ಮೊದಲ ಹೆಂಡತಿ ತೀರಿಕೊಂಡ ಮನೆಗೆ ಎರಡನೆಯವಳಾಗಿ ಬಂದವಳು ಸತ್ತವಳ ಟಾಕವನ್ನು ಕೊರಳಲ್ಲಿ ಧರಿಸಬೇಕು. ಹಾಗೆ ಧರಿಸಿದರೆ ಸತ್ತವಳಿಗೆ ಮನೆಯಲ್ಲಿ ತನ್ನ ಜಾಗ ಉಳಿದಿದೆ ಅನ್ನಿಸುತ್ತದೆ, ಅವಳು ಯಾರನ್ನೂ ಕಾಡುವುದಿಲ್ಲ ಎಂದು ನಂಬಿಕೆ.

ಸತ್ತವಳ ಹೆಸರು ಸಾರಿಕಾ. ಆದರೆ ಅವಳು ಸತ್ತದ್ದನ್ನು ಕಂಡವರು ಊರಿನಲ್ಲಿ ಒಬ್ಬರೂ ಇರಲಿಲ್ಲ.

ಮಹಾಪೂರ ಬಂದ ವರ್ಷ ಕೃಷ್ಣೆ ದಂಡೆ ಬಿಟ್ಟು ಓಣಿಯೊಳಗೆ ನುಗ್ಗಿದಾಗ ಊರಿನವರು ಎತ್ತರದಲ್ಲಿದ್ದ ಶಾಲೆಗೆ ಹೋಗಿ ಕುಳಿತಿದ್ದರು. ಹಿತ್ತಲಲ್ಲಿ ಕಟ್ಟಿದ ಆಡು ಅಲ್ಲಿಯೇ ಉಳಿಯಿತೆಂದು ನೆನಪಾಗಿ ಸಾರಿಕಾ ಮೊಣಕಾಲುದ್ದ ನೀರಿನಲ್ಲಿ ಮನೆಯ ಕಡೆ ನಡೆದಳು. ಸ್ವಲ್ಪ ಹೊತ್ತಿಗೆ ಆಡು ಈಜುತ್ತಾ, ಏಳುತ್ತಾ ಬೀಳುತ್ತಾ ಶಾಲೆಗೆ ಬಂತು. ಸಾರಿಕಾ ಬರಲಿಲ್ಲ. ನೀರು ಇಳಿದ ಮೇಲೆ ಹೊಳೆಯ ಎರಡೂ ದಂಡೆಗಳನ್ನು ಹುಡುಕಿದರು, ಕಬ್ಬಿನ ಹೊಲಗಳ ಕೆಸರು ಕೆದರಿದರು. ಬಳೆಯ ಚೂರೂ ಸಿಗಲಿಲ್ಲ. ಮರುವರ್ಷ ಜನಾಬಾಯಿ ಜೋಳದ ಹಿಟ್ಟು ನಾದಿ ಒಂದು ಗೊಂಬೆ ಮಾಡಿದಳು. ಅದಕ್ಕೆ ಅರಿಸಿನ ಕುಂಕುಮ ಇಟ್ಟು, ಸೀರೆಯ ತುಂಡು ಹೊದಿಸಿ, ಹೊಳೆಯ ದಂಡೆಯಲ್ಲಿ ಸುಟ್ಟು ದಿನ ಮಾಡಿ ಮುಗಿಸಿದರು.

ಸಪನಾಳ ತವರು ಹೊಳೆಯ ಆಚೆಗಿನ ಸತ್ತಿ. ಹಾಸಿಗೆ ಹಿಡಿದ ಅಪ್ಪನ ಸೇವೆಯಲ್ಲಿ ಅವಳ ಮದುವೆಯ ವಯಸ್ಸು ದಾಟಿಹೋಗಿತ್ತು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಸಮಾಧಾನ ಈ ಸಂಬಂಧ ತಂದ. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸದ ಗಂಡ, ಒಬ್ಬ ಅತ್ತೆ, ತಾಯಿ ಇಲ್ಲದ ಒಂದು ಹೆಣ್ಣು ಕೂಸು. ಸಪನಾ ಹೆಚ್ಚು ಯೋಚಿಸಲಿಲ್ಲ. ಅಣ್ಣನ ಮನೆಯಲ್ಲಿ ಅತ್ತಿಗೆಯನ್ನು ಕೇಳಿ ಒಲೆ ಹಚ್ಚುತ್ತಿದ್ದವಳಿಗೆ ತನ್ನದೇ ಒಂದು ಒಲೆ ಸಿಗುತ್ತದಲ್ಲ ಎನ್ನುವುದೇ ದೊಡ್ಡದಾಗಿತ್ತು.

ಟಾಕದ ಭಯ ಅವಳಿಗೆ ಮೊದಲ ಕೆಲವು ದಿನ ಇತ್ತು. ಆಮೇಲೆ ಅದು ಸಲಿಗೆಯಾಯಿತು. ಶುಕ್ರವಾರ ಅದಕ್ಕೆ ಕುಂಕುಮ ಹಚ್ಚುತ್ತಿದ್ದಳು. ಹೊಸ ಸೀರೆ ಉಡುವ ಮುಂಚೆ ಸೆರಗನ್ನು ಅದಕ್ಕೆ ಮುಟ್ಟಿಸುತ್ತಿದ್ದಳು. ಒಬ್ಬಳೇ ಇದ್ದಾಗ ಮಾತನಾಡುತ್ತಿದ್ದಳು. “ಅಕ್ಕಾ, ಇವತ್ತ ಬದನಿಕಾಯಿ ಪಲ್ಯ ಮಾಡೇನಿ. ನಿನ್ನ ಮಗಳ ಮಾರಿ ಸೊಟ್ಟ ಮಾಡ್ತಾಳ, ನೀನ ಒಂಚೂರ ಹೇಳು.” ಬಗ್ಗಿ ಕಸ ಗುಡಿಸುವಾಗ ತಗಡು ತೂಗಾಡಿ ಎದೆಗೆ ತಟ್ಟಿದರೆ, ಹೂಂ ಅಂದಳು ಎಂದುಕೊಳ್ಳುತ್ತಿದ್ದಳು.

ಸಾರಿಕಾಳ ಮಗಳು ಪೂನಮ. ತಾಯಿ ಹೋದಾಗ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದವಳು. ಮೊದಮೊದಲು ಸಪನಾಳನ್ನು ಕಂಡರೆ ಅಜ್ಜಿಯ ಹಿಂದೆ ಅಡಗುತ್ತಿದ್ದಳು. ಮುಂದೆ ಜಡೆ ಹಾಕಿಸಿಕೊಳ್ಳಲು ಬಂದು ಕುಳಿತಳು, ಚಿಗವ್ವ ಎಂದಳು, ಚಳಿಗಾಲದಲ್ಲಿ ಅವಳ ಕೌದಿಯೊಳಗೆ ತೂರಿಕೊಂಡಳು. ಈಗ ಹನ್ನೆರಡರ ಹುಡುಗಿ.

ಸಂಜೆ ಜನಾಬಾಯಿಯ ಮನೆಯಲ್ಲಿ ಟಿವಿ ಮುಂದೆ ಓಣಿಯ ಹೆಂಗಸರು ಸೇರುತ್ತಿದ್ದರು. ಎಲ್ಲರಿಗಿಂತ ಮೊದಲು ಬರುವವಳು ಪಕ್ಕದ ಮನೆಯ ಚಂದ್ರಮತಿ ಆಯಿ.

“ನಿಮ್ಮದ ಬರೋಬ್ಬರಿ ಐತ್ರಿ ಆಯಿ,” ಎನ್ನುತ್ತಿದ್ದಳು ಸಪನಾ ಒಲೆಯ ಮುಂದಿನಿಂದ. “ಹೊತ್ತ ಮುಣಗೂದ್ರಾಗ ಉಂಡ ಭಾಂಡೆ ತಿಕ್ಕಿ ಬಂದ ಕುಂತೀರಿ. ನಮ್ಮ ರೊಟ್ಟಿ ಇನ್ನಾ ಹಂಚಿನ ಮ್ಯಾಲೈತಿ.”

“ನೀನೂ ನಮ್ಮ ಜೈನರಾಗ ಬಾ. ಖರೇ, ಉಳ್ಳಾಗಡ್ಡಿ ಬಿಡಬೇಕಾಕ್ಕೈತಿ ನೋಡ.”

“ಉಳ್ಳಾಗಡ್ಡಿ ಬಿಟ್ಟ ಎಂಥಾ ಜನ್ಮರಿ ಅದ?”

ಅವರು ನೋಡುತ್ತಿದ್ದದ್ದು ಒಂದು ಮರಾಠಿ ಧಾರಾವಾಹಿ. ಸಿರಿವಂತರ ಮನೆ, ದೊಡ್ಡ ವಾಡೆ, ಅದರಲ್ಲಿ ಒಬ್ಬ ಒಳ್ಳೆಯ ಎರಡನೇ ಹೆಂಡತಿ, ಅವಳನ್ನು ಗೋಳಾಡಿಸುವ ಸುಗಂಧಾಬಾಯಿ ಎಂಬ ಕೆಟ್ಟ ಹೆಂಗಸು. ವಾಡೆಯ ಎದುರು ಮನೆಗೆ ಬಾಡಿಗೆಗೆ ಬಂದ ಸುಗಂಧಾಬಾಯಿ ಅರ್ಧ ಮುಖಕ್ಕೆ ಸೆರಗು ಹೊದ್ದು ವಾಡೆಯೊಳಗೆ ಓಡಾಡುತ್ತಿದ್ದಳು. ಹಾಲಿಗೆ ಹುಳಿ ಹಿಂಡುತ್ತಿದ್ದಳು. ಮಲತಾಯಿಯ ಮೇಲೆ ಮಗಳ ಕಿವಿ ಊದುತ್ತಿದ್ದಳು. ಓಣಿಯ ಹೆಂಗಸರು ಲಟಿಕೆ ಮುರಿದು ಅವಳನ್ನು ಬೈಯುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಬೈಯುವವಳು ಸಪನಾ. ಆ ಎರಡನೇ ಹೆಂಡತಿಯಲ್ಲಿ ಅವಳಿಗೆ ತಾನೇ ಕಾಣುತ್ತಿದ್ದಳು.

“ಎಲ್ಲಿ ಗಂಟ ಬಿದ್ದಾಳವ್ವಾ ಈ ಹಡಸು. ಇಕಿ ಬಾಯಾಗ ಮಣ್ಣ ಬೀಳ್ಲಿ.”

ಜನವರಿಯ ಒಂದು ಸಂಜೆ ಆ ಸುಗಂಧಾಬಾಯಿಯ ಹಿಂದಿನ ಕತೆ ತೋರಿಸಿದರು. ಎಳೆಯ ಹುಡುಗಿ ಸುಗಂಧಾ ಅದೇ ವಾಡೆಗೆ ಮೊದಲ ಸೊಸೆಯಾಗಿ ಬರುತ್ತಾಳೆ. ಮಗಳನ್ನು ಹೆರುತ್ತಾಳೆ. ಘಾಟಿನಲ್ಲಿ ಬಸ್ಸು ಉರುಳಿ ಕಣಿವೆಗೆ ಬೀಳುತ್ತಾಳೆ. ಹೆಣ ಸಿಗದಿದ್ದರೂ ಮನೆಯವರು ದಿನ ಮಾಡುತ್ತಾರೆ. ಮುಖ ಸುಟ್ಟು, ನೆನಪು ಕೆಟ್ಟು, ಎಲ್ಲೋ ಒಂದು ಹಾಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದವಳು ನೆನಪು ಮರಳಿ ಒಂದು ಸಂಜೆ ವಾಡೆಯ ಬಾಗಿಲಿಗೆ ಬರುತ್ತಾಳೆ. ಕಿಟಕಿಯಿಂದ ನೋಡಿದರೆ ಒಳಗೆ ತನ್ನ ಮಗಳಿಗೆ ಬೇರೊಬ್ಬಳು ತುತ್ತು ಕೊಡುತ್ತಿದ್ದಾಳೆ. ಅವಳು ಬಗ್ಗಿದಾಗ ಕೊರಳಲ್ಲಿ ಬೆಳ್ಳಿಯ ಟಾಕ ತೂಗುತ್ತದೆ. ಟಾಕದ ಮೇಲೆ ತನ್ನದೇ ಮುಖ. ಎತ್ತಿದ ಕೈ ಬಾಗಿಲು ತಟ್ಟದೆ ಕೆಳಗಿಳಿಯುತ್ತದೆ. ಸುಗಂಧಾ ತಿರುಗಿ ಕತ್ತಲೆಯೊಳಗೆ ಹೋಗುತ್ತಾಳೆ.

ಜಾಹೀರಾತು ಬಂತು. ಚಂದ್ರಮತಿ ಆಯಿ, “ಪಾಪ, ಅಕೀ ತಪ್ಪ ಏನೈತಿ,” ಎಂದು ಕಣ್ಣೊರೆಸಿಕೊಂಡಳು. ಸಪನಾ ಪೂನಮಳನ್ನು ನೋಡಿದಳು. ಹುಡುಗಿ ಟಿವಿಯನ್ನು ನೋಡುತ್ತಿರಲಿಲ್ಲ. ಚಿಗವ್ವನ ಕೊರಳನ್ನೇ ನೋಡುತ್ತಿದ್ದಳು.

ಮರುದಿನದಿಂದ ಧಾರಾವಾಹಿಯಲ್ಲಿ ಸುಗಂಧಾಬಾಯಿ ಮತ್ತೆ ಮೊದಲಿನಂತೆ ಹುಳಿ ಹಿಂಡತೊಡಗಿದಳು. ಓಣಿಯವರು ಮತ್ತೆ ಬೈಯತೊಡಗಿದರು. ಸಪನಾಳ ಬಾಯಿಂದ ಮಾತ್ರ ಬೈಗುಳ ಏಳಲಿಲ್ಲ.

ಪೂನಮ ಬದಲಾದಳು. ಶಾಲೆ ಬಿಟ್ಟ ಮೇಲೆ ಮನೆಗೆ ಬಾರದೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತಿರುತ್ತಿದ್ದಳು. ಇಳಿದು ಬರುವ ಒಬ್ಬೊಬ್ಬ ಹೆಂಗಸಿನ ಎಡಗೈ ನೋಡುತ್ತಿದ್ದಳು. ರೊಟ್ಟಿಯ ಹಂಚು ತಾಗಿ ಅವ್ವನ ಎಡ ಮುಂಗೈ ಮೇಲೆ ಉದ್ದಕ್ಕೆ ಸುಟ್ಟ ಕಲೆ ಇತ್ತು. ತಾಯಿಯ ಬಗ್ಗೆ ಅವಳಿಗೆ ನೆನಪಿದ್ದದ್ದು ಅದೊಂದೇ. ಮುಖ ನೆನಪಿರಲಿಲ್ಲ. ಫೋಟೋಗಳೆಲ್ಲ ಪೂರದ ನೀರಿನಲ್ಲಿ ಅಳಿಸಿಹೋಗಿದ್ದವು.

ಒಂದು ಸಂಜೆ ಗಂಗಾಳದ ಮುಂದೆ ಕುಳಿತವಳು ರೊಟ್ಟಿ ಮುರಿಯದೆ ಅಜ್ಜಿಯನ್ನು ಕೇಳಿದಳು.

“ಆಯಿ, ನಮ್ಮವ್ವನ ಹೆಣಾ ಯಾರ ನೋಡ್ಯಾರ?”

ಜನಾಬಾಯಿ ತುತ್ತನ್ನು ಕೈಯಲ್ಲೇ ಹಿಡಿದಳು. “ಉಣ್ಣೂವಾಗ ಎಂಥಾ ಮಾತ ಬೇ ಇದು?”

“ಯಾರೂ ನೋಡಿಲ್ಲ. ಹಿಟ್ಟಿನ ಗೊಂಬಿ ಸುಟ್ಟೀರಿ, ಅಷ್ಟ.” ಹುಡುಗಿ ಸಪನಾಳ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. ಬೇಡಿಕೊಳ್ಳುವಂತಿತ್ತು. “ಚಿಗವ್ವಾ, ಅದನ್ನ ತಗದ ಬಿಡು. ನಮ್ಮವ್ವ ಬಂದ, ಹೊರಗ ನಿಂತ, ಅದನ್ನ ನೋಡಿ ಹಂಗ ಹೋಗಿದ್ರ?”

“ಟಾಕ ತಗದ್ರ ಮನಿ ಉಳಿಯಂಗಿಲ್ಲ!” ಎಂದು ಜನಾಬಾಯಿ ಗದರಿದಳು. “ಟಿವ್ಯಾಗಿನವರ ಮಾತ ಕೇಳಿ ಮನಿ ಮುರೀತಿಯೇನ? ಸತ್ತಾಳ ಅಕಿ. ಹೊಳೀ ತಾಯಿ ಒಯ್ದಾಳ.”

ಸಪನಾ ಟಾಕವನ್ನು ಕುಪ್ಪಸದೊಳಗೆ ಸರಿಸಿಕೊಂಡಳು. ಅದು ಅಲ್ಲಿ ತಣ್ಣಗೆ ಕೊರೆಯಿತು.

ಆ ರಾತ್ರಿ ನಿದ್ದೆ ಬಾರದೆ ಅವಳಿಗೆ ಒಂದು ಮಾತು ಹೊಳೆಯಿತು. ಇಷ್ಟು ವರ್ಷ ಸತ್ತವಳ ಜೊತೆ ಬದುಕಿದಳು, ಹೆದರಿಕೆಯಾಗಲಿಲ್ಲ. ಸತ್ತವಳಿಗೆ ಕುಂಕುಮ ಸಾಕು, ಸೆರಗಿನ ತುದಿ ಸಾಕು. ಬದುಕಿರುವವಳಿಗೆ ಎಷ್ಟು ಕೊಟ್ಟರೆ ಸಾಕು? ಈ ಒಲೆ ಅವಳದು. ಈ ಗಂಡ ಅವಳವನು. ಪಕ್ಕದಲ್ಲಿ ಮಲಗಿದ ಕೂಸು ಅವಳದು. ಅಕ್ಕಾ ಎಂದು ಬದನೆಕಾಯಿಯ ಸುದ್ದಿ ಹೇಳಿದಾಗ ಹೂಂ ಅಂದವಳು ಯಾರು?

ಕಾರ್ಖಾನೆಯಿಂದ ಬಂದ ನಿಲೇಶನನ್ನು ಕೇಳಿದಳು. “ನೀವರ ಹೇಳ್ರಿ. ಅಕಿ ಸತ್ತಾಳಂತ ನಿಮ್ಮ ಮನಸ್ಸಿಗೆ ಖಾತ್ರಿ ಐತಿ?”

ನಿಲೇಶ ಕೈಯ ಗ್ರೀಸು ಉಜ್ಜುತ್ತಲೇ ಇದ್ದ. “ಇದ್ದಿದ್ರ ಇಷ್ಟೊತ್ತಿಗೆ ಬರ್ತಿದ್ದಿಲ್ಲೇನ?”

ಅದು ಅವಳಿಗೆ ಬೇಕಾದ ಉತ್ತರವಾಗಿರಲಿಲ್ಲ. ಅವನೂ ಅವಳನ್ನೇ ಕೇಳುತ್ತಿದ್ದ.

ಸಮಾಧಾನಕ್ಕೆಂದು ಸಪನಾ ತವರಿಗೆ ಫೋನ್ ಮಾಡಿದಳು. ಪೂರದಲ್ಲಿ ಹರಿದುಹೋದದ್ದೆಲ್ಲ ಕೆಳಗಿನ ಊರುಗಳ ದಂಡೆಗೇ ಬಂದು ಹತ್ತುತ್ತದೆ. ಸತ್ತಿಯಲ್ಲಿ ಯಾರೂ ಏನೂ ಕಂಡಿಲ್ಲ ಎಂದು ಅತ್ತಿಗೆ ನೀಲಮ ಒಂದು ಮಾತು ಹೇಳಿಬಿಟ್ಟರೆ ತನಗೂ ನೆಮ್ಮದಿ, ಹುಡುಗಿಗೂ ಹೇಳಬಹುದು.

“ವೈನಿ, ಪೂರದಾಗ ನಮ್ಮೂರ ಕಡೆ ಯಾರಾರ ಹೆಣ್ಮಗಳ ಸಿಕ್ಕಿದ್ಲೇನ?”

ನೀಲಮ ಯೋಚಿಸಿದಳು. “ಹೆಣಾ ಅಂತೂ ಇಲ್ಲವಾ. ಖರೇ, ಜೀವಂತ ಒಬ್ಬಾಕಿ ಬಂದಾಳ. ಭಾವುಸಾಹೇಬರ ದ್ರಾಕ್ಷಿ ತೋಟದಾಗ ಅದಾಳ ನೋಡು. ಪೂರ ಇಳದ ಹೊಸದಾಗಿ ಬಂದಾಕಿ. ಎಲ್ಲಿಯಾಕಿ, ಏನ, ಒಂದೂ ಬಾಯಿ ಬಿಡೂದಿಲ್ಲ. ಎಲ್ಲಾರೂ ಬಾಯಿ ಅಂತ ಕರೀತಾರ, ಅಷ್ಟ.”

“ಎಡಗೈ ಮ್ಯಾಲ ಸುಟ್ಟ ಕಲೆ ಐತೇನ ವೈನಿ?”

“ಯಾರಿಗೆ ಗೊತ್ತ? ಬಿಸಲಿಗೆ ಅಂತ ಸೀರಿ ಮ್ಯಾಲ ಗಂಡಸರ ತುಂಬು ತೋಳಿನ ಅಂಗಿ ಹಾಕ್ಕೊಂಡಿರ್ತಾಳ. ಯಾಕ ಕೇಳಾಕತ್ತಿ?”

“ಏನಿಲ್ಲ, ಸುಮ್ಮನ.”

ಫೋನ್ ಇಟ್ಟ ಮೇಲೆ ಸಪನಾಳಿಗೆ ಗೊತ್ತಾಯಿತು, ಈಗ ಈ ಮಾತು ಲೋಕದಲ್ಲಿ ತನ್ನೊಬ್ಬಳ ಹತ್ತಿರ ಮಾತ್ರ ಇದೆ. ತಾನು ಸುಮ್ಮನಿದ್ದರೆ ಮುಗಿಯಿತು. ನೀಲಮ ಮರೆಯುತ್ತಾಳೆ. ಪೂನಮ ಇನ್ನೊಂದು ವರ್ಷ ಕಟ್ಟೆಯ ಮೇಲೆ ಕುಳಿತು ಬೇಸತ್ತು ದೊಡ್ಡವಳಾಗುತ್ತಾಳೆ. ಮನೆ ಮನೆಯಾಗಿಯೇ ಇರುತ್ತದೆ.

ಹಾಗೆಂದು ಅವಳು ಸುಮ್ಮನಿದ್ದಳು. ಕಬ್ಬಿನ ಒಣಗರಿಯ ರವದಿ ಸುಲಿಯಲು ಹೋದಾಗ ಸಾಲಿನ ಆಚೆ ಒಣ ಎಲೆ ಸರ್ ಎಂದರೆ ನಿಂತು ನೋಡುತ್ತಿದ್ದಳು. ಹಿತ್ತಲಲ್ಲಿ ನೀರು ಕಾಯಿಸುವಾಗ ಬಾಗಿಲಲ್ಲಿ ಯಾರೋ ನಿಂತು ಒಲೆಯನ್ನು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಸತ್ತವಳಾದರೆ ಒಳಗೆ ಬರುತ್ತಿದ್ದಳು. ಇವಳು ಬರುತ್ತಿರಲಿಲ್ಲ, ಹೋಗುತ್ತಲೂ ಇರಲಿಲ್ಲ. ಒಂದು ಬೆಳಿಗ್ಗೆ ಜಡೆ ಹಾಕಲು ಕುಳಿತಾಗ ಪೂನಮಳ ತಲೆಯಲ್ಲಿ ಬಸ್ ನಿಲ್ದಾಣದ ಕೆಂಧೂಳು ಬಾಚಣಿಗೆಗೆ ಅಂಟಿ ಬಂತು. ಕೂಸಿನ ತಲೆ ತುಂಬ ಧೂಳು. ಸಪನಾಳ ಕೈ ನಿಂತಿತು.

“ನಾಳೆ ಸಾಲಿ ಸೂಟಿ ಐತಲ್ಲ?” ಎಂದಳು. “ಸತ್ತಿಗೆ ಹೋಗೂಣು. ಅಲ್ಲೊಬ್ಬಾಕಿ ಅದಾಳಂತ. ನಿಮ್ಮವ್ವ ಹೌದೋ ಅಲ್ಲೋ ನೋಡಿ ಬರೂಣು.”

ಹುಡುಗಿ ಹಿಂದಕ್ಕೆ ತಿರುಗಿ ನೋಡಿದ ನೋಟವನ್ನು ಸಪನಾ ತಡೆಯಲಾರದೆ ಬಾಚಣಿಗೆ ಸ್ವಚ್ಛಮಾಡುತ್ತಾ ಕುಳಿತಳು.

ಹೊರಡುವಾಗ ಅವಳು ಟಾಕ ತೆಗೆದು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಳು. ಒಬ್ಬಳು ಬದುಕಿದ್ದಾಳೋ ಎಂದು ಕೇಳಲು ಹೋಗುವವಳು ಅವಳು ಸತ್ತಳೆಂದು ಕೊರಳಲ್ಲಿ ಹಾಕಿಕೊಂಡು ಹೋಗುವುದು ಹೇಗೆ? ಕಬ್ಬು ಅರೆಯುವ ಹಂಗಾಮಿನಲ್ಲಿ ರಜೆ ಸಿಗುವುದಿಲ್ಲ ಎಂದು ನಿಲೇಶ ಕಾರ್ಖಾನೆಗೆ ಹೋಗಿದ್ದ. ಜನಾಬಾಯಿ ಬರಿಗೊರಳು ಕಂಡು ಬೈದಳು, ಶಾಪ ಹಾಕಿದಳು, ಕೊನೆಗೆ ಗೋಡೆಗೆ ಮುಖ ಮಾಡಿ ಕುಳಿತಳು.

ಕುಡಚಿಗೆ ಬಂದು, ಅಲ್ಲಿಂದ ಅಥಣಿ ಬಸ್ಸು ಹಿಡಿದು, ಅಥಣಿಯಲ್ಲಿ ಮತ್ತೆ ಬದಲಿಸಿ ಅವರು ಸತ್ತಿಗೆ ಇಳಿದಾಗ ಬಿಸಿಲು ಏರಿತ್ತು. ಭಾವುಸಾಹೇಬರ ತೋಟದ ಚಪ್ಪರದ ಕೆಳಗೆ ಹೆಂಗಸರು ದ್ರಾಕ್ಷಿ ಗೊನೆಗಳಿಗೆ ಬಿಸಿಲು ತಾಗದಂತೆ ಹಳೆಯ ಪೇಪರು ಸುತ್ತುತ್ತಿದ್ದರು. ನೀಲಮ ದೂರದಿಂದಲೇ ಬೆರಳು ತೋರಿಸಿದಳು. ಕೊನೆಯ ಸಾಲಿನಲ್ಲಿ ಒಬ್ಬಳು, ನೀಲಿ ಅಂಗಿ, ತಲೆಗೆ ಟವೆಲ್. ಬೆನ್ನು ಇತ್ತ ಕಡೆ.

ಪೂನಮ ಸಪನಾಳ ಕೈ ಹಿಡಿದುಕೊಂಡಳು. ಕೂಗಬೇಕಾದದ್ದು ಮಗಳು. ಕೂಗಿದವಳು ಸಪನಾ. ಇಷ್ಟು ವರ್ಷ ಮೆಲ್ಲಗೆ ಎದೆಗೆ ಹೇಳಿಕೊಳ್ಳುತ್ತಿದ್ದ ಹೆಸರನ್ನು ಮೊದಲ ಸಲ ಗಟ್ಟಿಯಾಗಿ ಹೇಳಿದಳು.

“ಸಾರಿಕಾ!”

ಹೆಂಗಸು ತಿರುಗಿದಳು.

ಆ ಒಂದು ಗಳಿಗೆಯಲ್ಲಿ ಸಪನಾ ತನ್ನ ಒಲೆ, ಕೌದಿ, ಹಿತ್ತಲಿನ ಕರಿಬೇವಿನ ಗಿಡ ಎಲ್ಲವನ್ನೂ ಬಿಟ್ಟುಕೊಟ್ಟಳು. ಆಮೇಲೆ ಆ ಹೆಂಗಸು, “ಯಾರ್ನ ಕರದ್ರಿ?” ಎಂದು ಹತ್ತಿರ ಬಂದಳು.

ಪೂನಮ ಅವಳ ಮುಖ ನೋಡಿದಳು. ನೋಡಿದರೂ ತಿಳಿಯಲಿಲ್ಲ. ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ಕೊನೆಗೆ ಪಿಸುದನಿಯಲ್ಲಿ, “ಎಡಗೈ ತೋರಸ್ತೀರಿ?” ಎಂದಳು.

ಹೆಂಗಸು ಏನೂ ಕೇಳದೆ ಅಂಗಿಯ ತೋಳು ಮೇಲೆ ಸರಿಸಿದಳು. ಕೈ ಬಿಸಿಲು ಕಾಣದೆ ಬೆಳ್ಳಗಿತ್ತು. ಕಲೆ ಇರಲಿಲ್ಲ.

ಹುಡುಗಿ ಚಪ್ಪರದ ಕಂಬಕ್ಕೆ ಒರಗಿ ಕುಳಿತಳು. ನೀಲಮ ಅವಳಿಗೆ ನೀರು ಕುಡಿಸಲು ಕರೆದುಕೊಂಡು ಹೋದಳು. ಸಪನಾ ಕ್ಷಮೆ ಕೇಳಿ ಬಂದ ಕಾರಣ ಹೇಳಿದಳು. ಸೆರಗಿನ ಗಂಟು ಬಿಚ್ಚಿ ಟಾಕವನ್ನೂ ತೋರಿಸಿದಳು. ಆ ಹೆಂಗಸು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

“ನಮ್ಮ ಕಡೆನೂ ಹಿಂಗ ಮಾಡ್ತಾರ,” ಎಂದಳು. “ನಾ ಪೂರ ಬಂದ ಗದ್ದಲದಾಗ ಮನಿ ಬಿಟ್ಟ ಬಂದಾಕಿ. ಇದ್ರ ಗಂಡ ಕೊಂದ ಬಿಡ್ತಿದ್ದ. ನೀರಾಗ ಹೋದಳಂತ ತಿಳ್ಕೊಂಡಿರ್ತಾರ, ತಿಳ್ಕೊಳ್ಳಿ ಅಂತ ಬಿಟ್ಟೆ. ಯಾವಾಕಿನೋ ಪಾಪ, ನನ್ನೂ ಹಿಂಗ ಕೊಳ್ಳಾಗ ಹಾಕ್ಕೊಂಡ ಅಡ್ಡಾಡಾಕತ್ತಿರಬೇಕು.” ಅವಳು ಸಣ್ಣಗೆ ನಕ್ಕಳು. “ದಿನಾ ಕುಂಕುಮ ಹಚ್ತೀರೇನು?”

“ಶುಕ್ಕಾರಕ್ಕೊಮ್ಮೆ.”

“ಹಂಗಾರ ನನಗೂ ಶುಕ್ಕಾರಕ್ಕೊಮ್ಮೆ ಹಚ್ಚತಿರಬೇಕು. ಇದ್ದಾಗ ಯಾರೂ ಹಚ್ಚಲಿಲ್ಲ.” ತಗಡನ್ನು ಹಿಂದಿರುಗಿಸಿ ಅವಳು ಮತ್ತೊಂದು ಗೊನೆಗೆ ಪೇಪರು ಸುತ್ತತೊಡಗಿದಳು.

ಮರಳುವ ಬಸ್ಸಿನಲ್ಲಿ ಪೂನಮ ಕಿಟಕಿಯ ಪಕ್ಕ ಕುಳಿತಿದ್ದಳು. ಅತ್ತಿರಲಿಲ್ಲ. ಕೃಷ್ಣೆಯ ಸೇತುವೆ ಬಂದಾಗ ಕೇಳಿದಳು, “ಅಕಿ ನಮ್ಮವ್ವನ ಆಗಿದ್ರ ನೀ ಏನ ಮಾಡ್ತಿದ್ದಿ ಚಿಗವ್ವಾ?”

ಸುಳ್ಳು ಹೇಳಬಹುದಿತ್ತು, ಸಪನಾ ಹೇಳಲಿಲ್ಲ. “ನಿಮ್ಮಿಬ್ಬರನ್ನ ಬಸ್ ಹತ್ತಿಸಿ ನಾ ನಮ್ಮಣ್ಣನ ಮನ್ಯಾಗ ಉಳೀತಿದ್ದೆ.”

ಹುಡುಗಿ ಸೇತುವೆ ಮುಗಿಯುವ ತನಕ ಕೆಳಗಿನ ನೀರನ್ನು ನೋಡಿದಳು. ಆಮೇಲೆ ಸರಿದು ಬಂದು ಸಪನಾಳ ತೋಳಿಗೆ ತಲೆಯಿಟ್ಟಳು.

ಮನೆ ಸೇರುವಾಗ ಹೊತ್ತು ಮುಳುಗುತ್ತಿತ್ತು. ಟಿವಿ ಹಚ್ಚಿರಲಿಲ್ಲ. ಜನಾಬಾಯಿ ಹೊಸ್ತಿಲ ಮೇಲೆ ಕುಳಿತಿದ್ದಳು, ಬೆಳಿಗ್ಗೆಯಿಂದ ಅಲ್ಲಿಯೇ ಕುಳಿತಂತೆ. ಒಳಗಿನಿಂದ ಬೆಲ್ಲದ ಹೂರಣದ ವಾಸನೆ ಬರುತ್ತಿತ್ತು. ಮೊಣಕಾಲು ನೋವೆಂದು ಒಲೆಯ ಹತ್ತಿರ ಸುಳಿಯದ ಮುದುಕಿ ಹೋಳಿಗೆ ಮಾಡಿಟ್ಟಿದ್ದಳು. ಅವಳು ಓಣಿಯಲ್ಲಿ ಬರುತ್ತಿದ್ದ ಇಬ್ಬರನ್ನು ನೋಡಿ, ಅವರ ಹಿಂದೆ ಇನ್ನೂ ಯಾರಾದರೂ ಇದ್ದಾರೆಯೇ ಎಂದು ಕತ್ತು ಉದ್ದ ಮಾಡಿ ನೋಡಿದಳು.

“ಸಿಗಲಿಲ್ಲೇನ?”

ಆ ದನಿಯಲ್ಲಿ ಗದರಿಕೆ ಇರಲಿಲ್ಲ. ಹೊಳೆ ಒಯ್ದಿದೆ ಎಂದು ಎಲ್ಲರಿಗೂ ಹೇಳುತ್ತಾ ಬಂದವಳು ಇಷ್ಟು ವರ್ಷ ಒಳಗೊಳಗೆ ಕಾಯುತ್ತಿದ್ದಳೆಂದು ಸಪನಾಳಿಗೆ ಆಗ ತಿಳಿಯಿತು.

“ಇಲ್ರಿ ಅತ್ತಿ. ಅಕಿ ಅಲ್ಲ.”

ಜನಾಬಾಯಿ ಉಸಿರು ಬಿಟ್ಟಳು. ಅದು ಸಂಕಟದ್ದೋ ನೆಮ್ಮದಿಯದೋ ಸಪನಾಳಿಗೆ ಗೊತ್ತಾಗಲಿಲ್ಲ. ತಾನು ತೋಟದಲ್ಲಿ ಬಿಟ್ಟ ಉಸಿರೂ ಯಾವುದೆಂದು ಅವಳಿಗೆ ತಿಳಿದಿರಲಿಲ್ಲ. ಅವಳು ಟಾಕವನ್ನು ಸೆರಗಿನಿಂದ ಬಿಚ್ಚಿ ಅತ್ತೆಯ ಮುಂದೆ ಹಿಡಿದಳು. ಮೊದಲ ದಿನದಂತೆ ಅವಳೇ ಹಾಕಲಿ ಎಂದು ಕತ್ತು ಬಗ್ಗಿಸಿದಳು.

ಮುದುಕಿ ಹಾಕಲಿಲ್ಲ. “ಜಗಲಿ ಮ್ಯಾಲ ದೇವರ ಬಾಜೂಕ ಇಡು,” ಎಂದಳು. “ಖಾತ್ರಿ ಆಗೂತನಾ ಕೊಳ್ಳಾಗ ಬ್ಯಾಡ.”

ಖಾತ್ರಿ ಇನ್ನೂ ಆಗಿಲ್ಲ. ಪೂನಮ ಈಗ ಕಟ್ಟೆಯ ಮೇಲೆ ಕೂರುವುದಿಲ್ಲ. ಶಾಲೆ ಬಿಟ್ಟೊಡನೆ ಮನೆಗೆ ಬಂದು ಜಡೆ ಬಿಚ್ಚಿಕೊಂಡು ಆಡಲು ಓಡುತ್ತಾಳೆ. ಸಪನಾ ಕಬ್ಬಿನ ಕೆಲಸಕ್ಕೆ ಹೋಗುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ಚಂದ್ರಮತಿ ಆಯಿಯನ್ನು ಛೇಡಿಸುತ್ತಾಳೆ. ಬಗ್ಗಿ ಕಸ ಗುಡಿಸುವಾಗ ಎದೆಗೆ ಏನೂ ತಟ್ಟುವುದಿಲ್ಲ. ಆಗ ಅವಳು ಪೊರಕೆ ನಿಲ್ಲಿಸಿ, ಬಾಗಿಲ ಕಡೆ ತಿರುಗಿ, “ಯಾರ? ಒಳಗ ಬರ್ರಿ,” ಎನ್ನುತ್ತಾಳೆ. ಬಹಳ ಸಲ ಅಲ್ಲಿ ಯಾರೂ ಇರುವುದಿಲ್ಲ.